ಹನ್ನೊಂದನೆಯ ಪುಟದ ಚೀಟಿ

ಆಕಾಶದ ವಿಚಾರವನ್ನು ಪಂಚಾಂಗದಿಂದಾಚೆಗೆ ಒಯ್ದು, ಹೋಟೆಲಿನ ಕೆಲಸದವರಿಗೂ ತಿಳಿಯುವಂತೆ ಹೇಳಿದವರು ಮದರಾಸಿನ ಕನ್ನಡಿಗರಲ್ಲಿ ಯಾರೆಂದು ಕೇಳಿದರೆ, ಮೈಲಾಪುರದ ಹಳಬರು ಮೊದಲು ಹೇಳುವ ಹೆಸರು ಶ್ರೀ ತಿರುಮಲರಾಯರದು. ೧೯೩೪ರಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿ ಸೇರಿದ ಅವರು ಈ ೧೯೬೭ರ ಬೇಸಗೆಯಲ್ಲಿ ನಿವೃತ್ತರಾಗುತ್ತಿದ್ದಾರೆ.

ರಾಯರದು ಒಂದು ಪದ್ಧತಿ. ಏನು ಬರೆದರೂ ವಿಷಯ ತಿಳಿಯದವನೊಬ್ಬನ ಮುಂದೆ ಓದಿ, ಅವನು ಹೂಂ ಅಂದ ಮೇಲೆಯೇ ಹೊರಗೆ ಬಿಡುವುದು. ೧೯೫೫ರಿಂದ ಆ ಪಾಲು ಬಂದದ್ದು ರಾಯರು ದಿನವೂ ಕಾಫಿಗೆ ಹೋಗುವ ಮೈಲಾಪುರದ ಹೋಟೆಲಿನಲ್ಲಿ ಒಲೆ ನೋಡಿಕೊಳ್ಳುವ ಮೋನಪ್ಪನಿಗೆ. ಉಡುಪಿ ಕಡೆಯಿಂದ ಬಂದ ಆತನಿಗೆ ಭಾನುವಾರದ ಮಧ್ಯಾಹ್ನಗಳಲ್ಲಿ ಕೂಡಿಸಿಕೊಂಡು ಅಕ್ಷರ ಕಲಿಸಿದವರೂ ರಾಯರೇ.

೧೯೬೨ರಲ್ಲಿ ನಕ್ಷತ್ರಗಳ ಹುಟ್ಟುಸಾವಿನ ಮೇಲೆ ಅವರು ಪುಟ್ಟ ಪುಸ್ತಕ ಬರೆದರು. ಪ್ರೆಸ್ಸಿನವರ ಅವಸರಕ್ಕೆ ಆ ಒಂದು ಸಲ ಪದ್ಧತಿ ತಪ್ಪಿತು. ಮುನ್ನೂರು ಪ್ರತಿ ಅಚ್ಚಾಗಿ ಬಂದ ಮೇಲೆ, ಭಾನುವಾರ ಕನ್ನಡ ಸಂಘದ ಸಭೆಯಲ್ಲಿ ಹಂಚಬೇಕೆನ್ನುವಾಗ, ಗುರುವಾರ ಮೋನಪ್ಪನ ಮುಂದೆ ಓದಿದರು.

ಅನಿಲ ಮತ್ತು ಧೂಳಿನ ಮೋಡ ತನ್ನ ಭಾರಕ್ಕೆ ತಾನೇ ಕುಗ್ಗುವುದು, ಕುಗ್ಗಿದಷ್ಟೂ ನಡುವೆ ಕಾವೇರುವುದು, ಕಡೆಗೆ ಹೈಡ್ರೋಜನ್ ಹೀಲಿಯಂ ಆಗತೊಡಗಿ ನಕ್ಷತ್ರ ಬೆಳಗುವುದು, ಇಷ್ಟಕ್ಕೂ ಮೋನಪ್ಪ ಹೂಂಗುಟ್ಟಿದ. ಹನ್ನೊಂದನೆಯ ಪುಟದಲ್ಲಿ, 'ದೊಡ್ಡ ನಕ್ಷತ್ರದಲ್ಲಿ ಉರುವಲು ಹೆಚ್ಚು, ಆದ್ದರಿಂದ ಆಯುಸ್ಸೂ ಹೆಚ್ಚು' ಎಂದಾಗ ಕೈಯೆತ್ತಿ ತಡೆದ.

"ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ಮದುವೆ ಅಡುಗೆಯ ಒಲೆಗೆ ಗಾಡಿ ಸೌದೆ ಒಟ್ಟಿದ್ರೂ ಮಧ್ಯಾಹ್ನಕ್ಕೆ ಬೂದಿ. ನಮ್ಮ ಕಾಫಿ ಒಲೆ ನಾಲ್ಕು ಕೊಳ್ಳಿಯಲ್ಲಿ ಸಂಜೆವರೆಗೆ ಉಂಟು. ದೊಡ್ಡದಕ್ಕೆ ಹಸಿವೂ ದೊಡ್ಡದಲ್ವಾ?"

"ನಕ್ಷತ್ರ ಸೌದೆ ಒಲೆ ಅಲ್ಲವಯ್ಯಾ!" ಎಂದು ರಾಯರು ನಕ್ಕರು. ಆದರೆ ಮನಸ್ಸು ನಗಲಿಲ್ಲ. ಶುಕ್ರವಾರ ರಜೆ ಹಾಕಿ ಗಿಂಡಿಯ ಕಾಲೇಜಿನ ಪುಸ್ತಕಾಲಯದಲ್ಲಿ ಸಂಜೆಯವರೆಗೂ ಕುಳಿತರು. ಸೂರ್ಯನ ಹತ್ತರಷ್ಟು ತೂಕದ ನಕ್ಷತ್ರಕ್ಕೆ ಉರುವಲು ಹತ್ತು ಪಟ್ಟು ನಿಜ. ಖರ್ಚು ಮಾತ್ರ ಸಾವಿರಾರು ಪಟ್ಟು. ಭಾರ ಒತ್ತಿದಷ್ಟೂ ಒಡಲು ಕಾಯುತ್ತದೆ, ಕಾದಷ್ಟೂ ಬೇಗ ತೀರುತ್ತದೆ. ಒಲೆಯವನ ಮಾತೇ ಸರಿಯಾಗಿತ್ತು.

ಮನೆಯಲ್ಲಿ ಪತ್ನಿ ರಮಾಬಾಯಿಯವರು, "ಒಂದು ಸಾಲು ತಾನೇ, ಇರಲಿ ಬಿಡೀಂದ್ರೆ. ಯಾರಿಗೆ ಗೊತ್ತಾಗತ್ತೆ?" ಎಂದರು.

"ಮೋನಪ್ಪನಿಗೆ ಗೊತ್ತಾಯ್ತಲ್ಲಮ್ಮಾ."

ಶನಿವಾರ ಊಟದ ಗಿರಾಕಿಗಳು ಎದ್ದು, ಟಿಫನ್ನಿನವರು ಬರುವುದರೊಳಗೆ, ಹೋಟೆಲಿನ ಮೇಜುಗಳ ಮೇಲೆ ಮುನ್ನೂರು ಪುಸ್ತಕ ಹರಡಿತು. ಮೋನಪ್ಪ ಮೈದಾಹಿಟ್ಟು ಕಾಯಿಸಿ ಅಂಟು ಮಾಡಿದ. ರಾಯರು ಬೆಳಿಗ್ಗೆ ಅಚ್ಚು ಹಾಕಿಸಿ ತಂದ ತಿದ್ದುಪಡಿಯ ಚೀಟಿಗಳನ್ನು ಹನ್ನೊಂದನೆಯ ಪುಟಕ್ಕೆ ಒಂದೊಂದಾಗಿ ಹಚ್ಚಿದರು.

"ಗಂಟು ಗಂಟಾಗಿದೆಯಲ್ಲಯ್ಯಾ!"

"ನಿಮ್ಮ ಮೋಡವೂ ಗಂಟು ಕಟ್ಟಿದ್ರೇ ಅಲ್ವಾ ಮಾಷ್ಟ್ರೇ ನಕ್ಷತ್ರ?"

ಆ ಚೀಟಿ ಈಗಲೂ ಹಳೆಯ ಪ್ರತಿಗಳಲ್ಲಿದೆ: 'ಸಣ್ಣ ನಕ್ಷತ್ರ ನಿಧಾನವಾಗಿ ಉರಿದು ಬಹುಕಾಲ ಬಾಳುತ್ತದೆ. ದೊಡ್ಡ ನಕ್ಷತ್ರ ಬೇಗ ಉರಿದು, ಸಿಡಿದು ಸಾಯುತ್ತದೆ. ಅದು ಚೆಲ್ಲಿದ ಧೂಳು ಮುಂದಿನ ನಕ್ಷತ್ರಗಳ ಮೋಡಕ್ಕೆ ಸೇರುತ್ತದೆ. ನನ್ನ ತಪ್ಪನ್ನು ತಿದ್ದಿದವರು ಶ್ರೀ ಮೋನಪ್ಪನವರು, ಒಲೆಯ ಕೆಲಸ.' ಸಭೆಯಲ್ಲಿ ರಾಯರು ಮೊದಲು ಓದಿದ್ದೂ ಅದನ್ನೇ. ಅಂದು ಮೋನಪ್ಪ ಅಚ್ಚಿನಲ್ಲಿದ್ದ ತನ್ನ ಹೆಸರನ್ನು ತಾನೇ ಅಕ್ಷರ ಕೂಡಿಸಿ ಓದಿಕೊಂಡ.

ಮೊನ್ನೆ ಆತ ಇನ್ನೊಂದು ಕೇಳಿದ್ದಾನೆ: ನಕ್ಷತ್ರದ ಧೂಳಿನಿಂದ ಮೋಡವಾದರೆ, ಮೊಟ್ಟಮೊದಲ ಮೋಡ ಎಲ್ಲಿಂದ ಬಂತು? "ಗೊತ್ತಿಲ್ಲ. ರಿಟೈರ್ ಆಗಲಿ, ಹುಡುಕೋಣ" ಎಂದಿದ್ದಾರೆ ರಾಯರು. ಸಣ್ಣ ಉರಿಯ ನಕ್ಷತ್ರಕ್ಕೆ ಆಯುಸ್ಸು ದೀರ್ಘವೆಂದು ಅವರೇ ಹಚ್ಚಿದ ಚೀಟಿ ಹೇಳಿಕೊಟ್ಟಿದೆ. ಕಾಫಿ ಒಲೆಯಂತೆ ನಿಧಾನವಾಗಿ, ನಂದದೆ, ರಾಯರು ಬಹುಕಾಲ ಬಾಳಲಿ. ಆ ಉತ್ತರ ಬರೆದು ಅಚ್ಚಿಗೆ ಕೊಡಲಿ. ಕೊಡುವ ಮುಂಚೆ ಮೋನಪ್ಪನ ಮುಂದೆ ಒಮ್ಮೆ ಓದಲಿ.