ಸಮಿತಿಯೊಳಗೊಂದು ವೈಯಕ್ತಿಕ ಅಭಿಪ್ರಾಯ

ಆನ್‌ಲೈನ್ ಸಭೆಗಳಲ್ಲಿ ಸದಸ್ಯರ ಹೆಸರಿನ ಪಕ್ಕದಲ್ಲೇ ಅವರವರ ಕಂಪನಿಯ ಹೆಸರೂ ತೂಗುತ್ತಿರುವುದನ್ನು ನೀವು ಗಮನಿಸಿರಬಹುದು. ಮದುವೆಯ ಕರೆಯೋಲೆಯಲ್ಲಿ ವರನ ಹೆಸರಿನ ಮುಂದೆ ಡಿಗ್ರಿ ಅಚ್ಚಾಗುವಂತೆ ಇದೂ ಒಂದು ನಿರುಪದ್ರವಿ ಅಲಂಕಾರವೆಂದೇ ನಾನು ಬಹುಕಾಲ ತಿಳಿದಿದ್ದೆ.

ಮಳೆಯ ಮುನ್ಸೂಚನೆ ಬಂದೊಡನೆ ನೆರೆಗೆ ಹೆದರಿ ಕಾರನ್ನು ಮೇಲ್ಸೇತುವೆಯ ಮೇಲೆ ನಿಲ್ಲಿಸಿ ಬಂದು, ಅಲ್ಲಿ ಅದನ್ನು ಯಾರಾದರೂ ಗೀಚಿಯಾರೆಂದು ಮನೆಯಲ್ಲಿ ಕಳವಳಪಡುವ ಚೆನ್ನೈನ ವೇಲಚೇರಿಯ ನಿವಾಸಿ ನಾನು. ಇಂಥ ಚಿಂತಾಗ್ರಸ್ತನನ್ನು ಒಂದು ಪ್ರೋಗ್ರಾಮಿಂಗ್ ಭಾಷೆಯ ನಿಯಮಗಳನ್ನು ನಿರ್ಧರಿಸುವ ಅಂತರರಾಷ್ಟ್ರೀಯ ಸಮಿತಿಗೆ ನಮ್ಮ ಕಂಪನಿ ಕಳಿಸಿದ್ದೇಕೆಂದರೆ, ಆ ಭಾಷೆ ಬಲ್ಲವರಲ್ಲಿ ಇನ್ನೂ ನಿವೃತ್ತನಾಗದೆ ಉಳಿದವನು ನಾನೊಬ್ಬನೇ. ಭಾಷೆ ಯಾರೊಬ್ಬರ ಸ್ವತ್ತೂ ಅಲ್ಲ, ಬಳಸುವವರೆಲ್ಲರದೂ ಹೌದು ಎಂಬ ಉದಾತ್ತ ವಾಕ್ಯ ಸಮಿತಿಯ ನಿಯಮಗ್ರಂಥದ ಮೊದಲ ಪುಟದಲ್ಲೇ ಇದೆ. ಉಳಿದ ಪುಟಗಳನ್ನು ಓದಬೇಕಾದರೆ ಮಾತ್ರ ಗ್ರಂಥವನ್ನು ಕೊಂಡುಕೊಳ್ಳಬೇಕು.

ನಾನು ಸೇರಿದ ವರ್ಷ ಸಮಿತಿ ಭಾಷೆಯ ಹಳೆಯ ಸೌಲಭ್ಯವೊಂದನ್ನು ಕಿತ್ತುಹಾಕಲು ಹೊರಟಿತ್ತು. ಅದನ್ನೇ ನೆಚ್ಚಿ ನಾನು ಯೌವನದ ಹುಮ್ಮಸ್ಸಿನಲ್ಲಿ ಕೀಲ್ಪಾಕ್‌ನ ಸಣ್ಣ ಆಸ್ಪತ್ರೆಯೊಂದಕ್ಕೆ ರಕ್ತಪರೀಕ್ಷೆಯ ವರದಿಗಳ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಸೌಲಭ್ಯ ಹೋದರೆ, ಆಸ್ಪತ್ರೆಗೆ ಹೊಸ ಕಂಪ್ಯೂಟರ್ ಬಂದ ದಿನವೇ ನನ್ನ ಪ್ರೋಗ್ರಾಮಿಗೆ ತಿಥಿ. ಅಲ್ಲಿನ ಲ್ಯಾಬ್ ನೋಡಿಕೊಳ್ಳುವ ವಸಂತಿಯಕ್ಕನ ತಂದೆ ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದು ಮದ್ರಾಸಿನಲ್ಲೇ ನೆಲೆಸಿದವರು. ಆಕೆಯ ಕನ್ನಡಕ್ಕೆ ತಮಿಳಿನ ಒಗ್ಗರಣೆ. ವಿಷಯ ತಿಳಿಸಿದಾಗ, "ನೀವು ಅಲ್ಲಿ ಇದ್ದೀರಲ್ಲ ಮಾರಾಯ್ರೆ, ನನಗೆ ಎಂತ ಕವಲೆಯೂ ಇಲ್ಲ" ಎಂದುಬಿಟ್ಟರು. ಅಂದಿನಿಂದ ಅವರ ಕವಲೆಯನ್ನೂ, ಅಂದರೆ ಚಿಂತೆಯನ್ನೂ, ನನ್ನದರ ಜೊತೆಗೆ ನಾನೇ ಪಡತೊಡಗಿದೆ.

ಮೊದಲ ಸಭೆಯಲ್ಲಿ ಆ ಸೌಲಭ್ಯ ಉಳಿಯಲೆಂದು ತೊದಲುತ್ತ ಎರಡು ನಿಮಿಷ ಮಾತಾಡಿದೆ. ದೈತ್ಯ ಕಂಪನಿಯೊಂದರ ತರುಣಿ "ಇದು ನನ್ನ ವೈಯಕ್ತಿಕ ಅಭಿಪ್ರಾಯ" ಎಂಬ ಪೀಠಿಕೆಯೊಂದಿಗೆ ನನ್ನನ್ನು ಎಷ್ಟು ಸೊಗಸಾಗಿ ಸಮರ್ಥಿಸಿದಳೆಂದರೆ, ನನ್ನ ವಾದ ನನಗೇ ಅರ್ಥವಾಯಿತು. ಎರಡು ತಿಂಗಳ ನಂತರ ಆಕೆಯ ಹೆಸರಿನ ಪಕ್ಕ ಬೇರೊಂದು ದೈತ್ಯನ ಹೆಸರಿತ್ತು. ಅದೇ ಕನ್ನಡಕ, ಅದೇ ಪೀಠಿಕೆ. ಆ ಸೌಲಭ್ಯ ಮಾತ್ರ ಈಗ ಕೂಡಲೇ ಕೀಳಬೇಕಾದ ಹುಳುಕುಹಲ್ಲಾಗಿತ್ತು. ಈ ಕಥೆಯನ್ನು ನಾನು ಆಫೀಸಿನ ಕಾಫಿ ಯಂತ್ರದ ಬಳಿ ಸಿಕ್ಕವರಿಗೆಲ್ಲ ಹೇಳಿ ವಾರವಿಡೀ ನಕ್ಕೆ.

ನಗು ಮುಗಿಯುವುದರೊಳಗೆ ನಮ್ಮ ಕಂಪನಿ ಆ ಎರಡನೆಯ ದೈತ್ಯನೊಂದಿಗೆ ಒಪ್ಪಂದ ಮಾಡಿಕೊಂಡಿತು. ನನಗಿಂತ ಹದಿನೈದು ವರ್ಷ ಚಿಕ್ಕವನಾದ ನನ್ನ ಮ್ಯಾನೇಜರ್ ಸೆಂದಿಲ್ ಬಹಳ ಗೌರವದಿಂದ ಹೇಳಿದ: "ಸಾರ್, ನಿಮ್ಮ ಮನಸ್ಸಿಗೆ ಬಂದಂತೆ ವೋಟ್ ಮಾಡಿ. ಮನಸ್ಸಿಗೆ ಏನು ಬಂತು ಅಂತ ಮಾತ್ರ ನನಗೆ ಮೊದಲೇ ಒಂದು ಮೇಲ್ ಹಾಕಿಬಿಡಿ." ಐವತ್ತಮೂರರ ವಯಸ್ಸಿನಲ್ಲಿ ಹೊಸ ಕೆಲಸ ಹುಡುಕುವ ದೃಶ್ಯವೇ ಅಂದು ನನ್ನ ಮನಸ್ಸಿಗೆ ಬಂದದ್ದು.

ಮತದಾನದ ಸಭೆಯಲ್ಲಿ ನನ್ನ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು, "ಇದು ನನ್ನ ವೈಯಕ್ತಿಕ ಅಭಿಪ್ರಾಯ" ಎಂದು ಆರಂಭಿಸಿ, "ಆಕ್ಷೇಪವಿಲ್ಲ" ಎಂದು ಮುಗಿಸಿದೆ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಗ್ರಂಥದ ಮೊದಲ ಪುಟ ಸುಳ್ಳು ಹೇಳಿರಲಿಲ್ಲ ನೋಡಿ. ಭಾಷೆಯನ್ನು ಯಾರೂ ಕೊಂಡಿರಲಿಲ್ಲ. ಕೈಯೆತ್ತುವವರು ತಿಂಗಳ ಸಂಬಳಕ್ಕೆ ಸಿಗುವಾಗ ಅಷ್ಟು ದೊಡ್ಡ ವಸ್ತುವನ್ನು ಕೊಂಡು ಇಡುವುದಾದರೂ ಎಲ್ಲಿ?

ಫೋನಿನಲ್ಲಿ ಹೇಳುವ ಧೈರ್ಯ ಸಾಲದೆ ಕೀಲ್ಪಾಕ್‌ಗೇ ಹೋದೆ. ವಸಂತಿಯಕ್ಕ ಊಟದ ಡಬ್ಬಿ ಬಿಚ್ಚುತ್ತಿದ್ದರು. ಸೌಲಭ್ಯ ಹೋಯಿತೆಂದು ತಿಳಿಸಿದೆ.

"ಯಾರು ಮಾರಾಯ್ರೆ ಹೀಗೆ ಮಾಡಿದ್ದು?"

"ಸಮಿತಿ."

"ಅಷ್ಟು ಜನರಲ್ಲಿ ಒಬ್ಬರೂ ಬೇಡ ಅಂತ ಹೇಳ್ಲಿಲ್ವಾ?"

"ಸರ್ವಾನುಮತ" ಎಂದೆ. ಅಷ್ಟರ ಮಟ್ಟಿಗೆ ಅದು ಸತ್ಯವೇ.

ಅವರು ನನ್ನ ಮುಖವನ್ನೇ ನೋಡಿದರು. "ಪಾಪ, ನೀವೊಬ್ರೇ ಎಷ್ಟಂತ ಹೋರಾಡುದು! ಕೂತ್ಕೊಳ್ಳಿ" ಎಂದು ಡಬ್ಬಿಯ ಮುಚ್ಚಳಕ್ಕೆ ಎರಡು ಇಡ್ಲಿ ಹಾಕಿ ನನ್ನ ಮುಂದೆ ಸರಿಸಿದರು. ಬೇಡ ಅನ್ನಲು ನನಗೆ ಅಲ್ಲಿಯೂ ಬಾಯಿ ಬರಲಿಲ್ಲ.