ಅಕ್ಕ ರೋಬೋಟ್ ಅಲ್ಲವೆಂದು ಒಪ್ಪದ ಗ್ರಂಥಾಲಯ

ನನ್ನ ಅಕ್ಕ ಯಲಬುರ್ಗಾ ಕಡೆಯ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದವಳು. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದುಹಾಕಿತು. ನಿವೃತ್ತಿಯಾದ ಮೇಲೆ ಭಾಗ್ಯನಗರದ ನಮ್ಮ ಮನೆಗೇ ಬಂದಳು. ಪರದೆಯ ಮೇಲಿದ್ದುದನ್ನು ಓದಿ ಹೇಳುವ ಫೋನನ್ನು ಒಂದೇ ತಿಂಗಳಲ್ಲಿ ಕಲಿತಳು. ನಾನು ಕಲಿಸಹೋಗಿ ಬೈಸಿಕೊಂಡೆ.

ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಓದಿಸಿ, ದನಿ ಮುದ್ರಿಸಿ ಇಟ್ಟಿದ್ದ ಒಂದು ಆನ್‌ಲೈನ್ ಗ್ರಂಥಾಲಯದ ಸುದ್ದಿಯನ್ನು ಕುಷ್ಟಗಿಯ ಗೆಳತಿಯೊಬ್ಬಳು ಅವಳ ಕಿವಿಗೆ ಹಾಕಿದ್ದಳು. ಒಂದು ಮಧ್ಯಾಹ್ನ ಊಟ ಮುಗಿಸಿ ಕುಳಿತು ಹೆಸರು, ವಿಳಾಸ, ಅಂಗವಿಕಲರ ಕಾರ್ಡಿನ ನಂಬರು ಎಲ್ಲವನ್ನೂ ತಾನೇ ತುಂಬಿದಳು. ಕೊನೆಗೆ ಫೋನು ಹೇಳಿತು: ‘ನೀವು ರೋಬೋಟ್ ಅಲ್ಲವೆಂದು ಖಚಿತಪಡಿಸಲು ಚಿತ್ರದಲ್ಲಿ ಕಾಣುವ ಅಕ್ಷರಗಳನ್ನು ಬರೆಯಿರಿ.’

ಕಣ್ಣಿಲ್ಲದವರ ಗ್ರಂಥಾಲಯ, ಅದರ ಬಾಗಿಲಲ್ಲೇ ‘ಕಾಣುವ’ ಅಕ್ಷರ!

ಕೇಳಿಸಿಕೊಂಡು ಬರೆಯುವ ಗುಂಡಿಯೂ ಒಂದಿತ್ತು. ಒತ್ತಿದರೆ ಕಾದ ಎಣ್ಣೆ ಸಿಡಿದಂಥ ಗದ್ದಲ, ಅದರೊಳಗೆ ಯಾರೋ ಇಂಗ್ಲಿಷಿನಲ್ಲಿ ಅಂಕಿಗಳನ್ನು ನುಂಗುತ್ತಿದ್ದರು. ನನಗೂ ತಿಳಿಯಲಿಲ್ಲ. ಮೂರು ಸಲ ತಪ್ಪಾದ ಮೇಲೆ ಅರ್ಜಿ ಪೂರ್ತಿ ಅಳಿಸಿಹೋಯಿತು.

“ಕೊಡು ಇಲ್ಲಿ, ನಾ ಒತ್ತತೀನಿ,” ಎಂದೆ.

“ಸುಮ್ನ ಕುಂದ್ರು. ಓದಾಕಿ ನಾನು.”

ಮತ್ತೆ ಮೊದಲಿಂದ ತುಂಬಿದಳು. ಮತ್ತೆ ಅಳಿಯಿತು. ಸ್ಪೀಕರ್ ಹಾಕಿ ಗ್ರಂಥಾಲಯದ ಸಹಾಯವಾಣಿಗೆ ಫೋನು ಹಚ್ಚಿದಳು. ಆ ಕಡೆಯವನ ದನಿ ಬಹಳ ನಯವಾಗಿತ್ತು.

“ಮನೇಲಿ ಕಣ್ಣಿರೋರು ಯಾರೂ ಇಲ್ವಾ ಮೇಡಂ?”

“ಅದಾರ್ರಿ. ಅವರಿಗೆ ನಿಮ್ಮ ಪುಸ್ತಕ ಬೇಕಾಗಿಲ್ಲ.”

“ಸೇಫ್ಟಿಗೆ ಮೇಡಂ. ಮಷೀನ್‌ಗಳು ಒಳಗೆ ಬರಬಾರ್ದು ಅಂತ.”

“ನಿಮ್ಮ ಕೂಡ ಮಾತಾಡಾಕತ್ತೀನಲ್ರೀ, ನಾ ಮಷೀನ್ ಅನಸ್ತೀನೇನು?”

“ನನಗೆ ಗೊತ್ತಾಗುತ್ತೆ ಮೇಡಂ. ಸಿಸ್ಟಮ್‌ಗೆ ಗೊತ್ತಾಗ್ಬೇಕಲ್ಲ,” ಎಂದು ನಕ್ಕ.

ಆ ನಗು ಕೇಳಿ ಹೊಲಸು ತುಳಿದಂತಾಯಿತು ನನಗೆ.

ಅಕ್ಕ ಮೂರನೆಯ ಸಲ ಅದೇ ಪ್ರಶ್ನೆಯವರೆಗೆ ಬಂದು, ಫೋನು ಕೆಳಗಿಟ್ಟು, ಮುಖ ತೊಳೆಯಲು ಬಚ್ಚಲಿಗೆ ಹೋದಳು. ಆ ಸಮಯ ನೋಡಿ ನಾನು ಆ ಆರು ಡೊಂಕು ಅಕ್ಷರಗಳನ್ನು ಒತ್ತಿದೆ. ‘ಸ್ವಾಗತ’ ಎಂದು ಫೋನು ಬಚ್ಚಲಿನವರೆಗೂ ಕೇಳುವಂತೆ ಕೂಗಿತು.

ಒದ್ದೆ ಮುಖದಲ್ಲೇ ಬಾಗಿಲಿಗೆ ಬಂದು ನಿಂತಳು. “ನಿನ್ನನ್ನ ಒಳಗ ಕರೀತು ನೋಡು,” ಎಂದಳು. ಎರಡು ದಿನ ನನ್ನೊಡನೆ ಮಾತಿಲ್ಲ.

ಮೂರನೆಯ ದಿನ ಫೋನಿಗೆ ಬಾಯಲ್ಲೇ ಹೇಳಿ ಉದ್ದನೆಯ ದೂರು ಬರೆಸಿ ಕಳಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂಬ ಉತ್ತರ ಬಂತು. ಅದನ್ನು ಯಾವ ಮನುಷ್ಯನೂ ಬರೆದಿರಲಿಲ್ಲ. ಆಮೇಲೆ ಇನ್ಯಾವ ಉತ್ತರವೂ ಬರಲಿಲ್ಲ.

ಈಗ ಅವಳು ದಿನಕ್ಕೆ ನಾಲ್ಕೈದು ತಾಸು ಪುಸ್ತಕ ಕೇಳುತ್ತಾಳೆ. ಆದರೆ ವಾರಕ್ಕೊಮ್ಮೆ ಆ ಜಾಲತಾಣ ಅವಳನ್ನು ಹೊರಹಾಕಿ ಅದೇ ಪ್ರಶ್ನೆ ಕೇಳುತ್ತದೆ. ಆಗ ಅಕ್ಕ ಮುಖ ಅತ್ತ ತಿರುಗಿಸಿ, ಫೋನು ನನ್ನ ಕಡೆ ಚಾಚುತ್ತಾಳೆ. ನಾನು ಆ ಡೊಂಕು ಅಕ್ಷರಗಳನ್ನು ಒತ್ತುತ್ತೇನೆ, ಅರ್ಧಕ್ಕೆ ನಿಂತ ಕಥೆಗೆ ಅವಳು ಕಾಯುತ್ತಿರುತ್ತಾಳೆ.