ಮುಳಗುಂದದ ಬಿಸಿನೀರು

ಬೆಳ್ಳಟ್ಟಿಯಲ್ಲಿ ಬಸುರಿಯಾದ ತಂಗಿ ಮಗಳಿಗೆ ಕುಬಸದ ಕಾರ್ಯ. ನಾನೂ ಹೆಂಡತಿಯೂ ಮುಳಗುಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಲಕ್ಷ್ಮೇಶ್ವರದ ಬಸ್ಸಿಗೆ ಕಾಯುತ್ತ ಚಹಾದಂಗಡಿ ಮುಂದೆ ಕೂತಿದ್ದೇವೆ. ಕರುಳಿನ ಆಪರೇಷನ್ ಆದಾಗಿನಿಂದ ನನ್ನ ಮಲ ಹೊಟ್ಟೆಗೆ ಅಂಟಿಸಿದ ಚೀಲಕ್ಕೆ ಬರುತ್ತದೆ. ಬಸ್ಸಿನಲ್ಲಿ ಅದು ತುಂಬದಿರಲೆಂದು ನಿನ್ನೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ಈಗ ಚೀಲ ಖಾಲಿ, ಹೊಟ್ಟೆ ಬಿಗಿ.

"ನೋವು ಐತೇನ್ರಿ? ವಾಂತಿ ಬಂದಂಗ ಆಗೇತೇನು?" ಹೆಂಡತಿ ಕೇಳಿದಳು.

"ಎರಡೂ ಇಲ್ಲ. ಚೀಲಕ್ಕ ಗಾಳಿ ಹೊಂಟೈತಿ."

"ಹಂಗಾದ್ರ ನೀರು ಕುಡೀರಿ. ನೋವು ಸುರು ಆತಂದ್ರ ಕುಬಸಾ ಬಿಟ್ಟು ಗದಗಿನ ದವಾಖಾನಿಗೆ ಹೊಳ್ಳಿ ಹೋಗೂದು."

ಬಿಸಿನೀರು ಕೇಳಿದೆ. ಅಂಗಡಿಯವ್ವ ಜೊತೆಗೆ ಬೆಲ್ಲ, ಒಂದು ಹಿಡಿ ಶೇಂಗಾ ಇಟ್ಟಳು. "ಬರೇ ನೀರು ಹ್ಯಾಂಗ ಕೊಡ್ಲೆಪಾ?"

ಶೇಂಗಾ ನನ್ನ ಕರುಳಿಗೆ ಅಡ್ಡ ನಿಂತೀತು. ಅದನ್ನು ಹೆಂಡತಿಗೆ ದಾಟಿಸಿ, ಬೆಲ್ಲ ಬಾಯಿಗಿಟ್ಟುಕೊಂಡು ನೀರು ಕುಡಿದೆ. ಇಬ್ಬರೂ ಸ್ಟ್ಯಾಂಡ್ ಸುತ್ತ ನಿಧಾನವಾಗಿ ಅಡ್ಡಾಡಿದೆವು.

ಲಕ್ಷ್ಮೇಶ್ವರದ ಬಸ್ಸು ಬಂದು ನಿಂತಿತು. ಅದೇ ಹೊತ್ತಿಗೆ ಅಂಗಿಯ ಕೆಳಗೆ ಚೀಲ ಬೆಚ್ಚಗಾಯಿತು.

"ಜಲ್ದಿ ಹತ್ರಿ!" ಎಂದ ಕಂಡಕ್ಟರ್.

"ನೀವು ನಡೀರಿ, ಹಿಂದ ಬರೂ ಬಸ್ಸಿಗೆ ಬರ್ತೀವಿ," ಎಂದೆ. ಶೌಚಾಲಯದಲ್ಲಿ ಚೀಲ ಖಾಲಿ ಮಾಡಿ ಬಂದು, ಅಂಗಡಿಯವ್ವನ ಮುಂದೆ ಲೋಟ ಹಿಡಿದೆ:

"ಇನ್ನೊಂದಿಷ್ಟು ಹಾಕಬೇ."